ಮನೆ ಹಿಂದಿನ ಕೊಳ

ಫ್ಲಾರಿಡಾದಲ್ಲಿ ಮೇ ತಿಂಗಳೆಂದರೆ ಹೊತ್ತು ಮುಳುಗಿದರೂ ಬೆವರು ಆರದ ಕಾಲ. ಸಾಲುಮನೆಗಳ ಹಿಂದೆ, ಮಳೆನೀರು ನಿಲ್ಲಲೆಂದು ತೋಡಿದ ಕೊಳದ ಸುತ್ತ ಆಗಷ್ಟೇ ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಅದರೊಳಗೆ ಬೆರೆತ ಪಾಚಿಯ ನಾತ. ಕಪ್ಪೆಗಳು ಒಂದೊಂದಾಗಿ ದನಿ ತೆಗೆಯುತ್ತಿವೆ. ನೀರಿನ ನಡುವೆ ಕೊರಡಿನಂಥದ್ದೊಂದು ತೇಲುತ್ತಿದೆ. ಟಾರ್ಚ್ ಬಿಟ್ಟರೆ ಅದರ ತುದಿಯಲ್ಲಿ ಎರಡು ಕಣ್ಣು ಕೆಂಪಗೆ ಹೊಳೆಯುತ್ತವೆ. ಅಲಿಗೇಟರ್.

ದಡದಲ್ಲಿ ನಿಂತವನ ಕೈಯಲ್ಲಿ ಉದ್ದನೆಯ ಗಾಳದ ಕೋಲು, ಹೆಗಲಿಗೆ ಹಗ್ಗ, ಜೇಬಿನಲ್ಲಿ ಕಪ್ಪು ಇನ್ಸುಲೇಷನ್ ಟೇಪು. ರಾಜ್ಯದ ವನ್ಯಜೀವಿ ಆಯೋಗದ ಗುತ್ತಿಗೆ ಹಿಡಿದ ಟ್ರ್ಯಾಪರ್ ಈತ. ಮೂರು ಮೊನೆಯ ಗಾಳವನ್ನು ಪ್ರಾಣಿಯ ಆಚೆಗೆ ಬೀಸಿ, ಮೆಲ್ಲಗೆ ಎಳೆಯುತ್ತ ಬಂದು ಚರ್ಮಕ್ಕೆ ಸಿಕ್ಕಿಸುತ್ತಾನೆ. ಕೊಳ ಒಮ್ಮೆಲೇ ಕದಡುತ್ತದೆ. ಅದು ಸುತ್ತಿ ಸುತ್ತಿ ಉರುಳುತ್ತದೆ, ರೀಲು ಕಿರುಗುಡುತ್ತದೆ. ಅದು ದಣಿಯುವವರೆಗೂ ಈತನಿಗೆ ಅವಸರವಿಲ್ಲ. ದಡಕ್ಕೆಳೆದು, ಕುತ್ತಿಗೆಗೆ ಕುಣಿಕೆ ಹಾಕಿ, ಕಣ್ಣಿಗೆ ಟವೆಲು ಹೊದಿಸಿ, ಬೆನ್ನೇರಿ ಕೂತು ದವಡೆ ಅದುಮಿ ಟೇಪು ಸುತ್ತುತ್ತಾನೆ. ಆ ದವಡೆಯ ಕಸುವೆಲ್ಲ ಮುಚ್ಚುವುದರಲ್ಲಿ, ತೆರೆಯುವುದರಲ್ಲಿ ಅಲ್ಲ. ನಾಲ್ಕು ಸುತ್ತು ಟೇಪಿಗೇ ಅದು ಬಾಯಿ ಕಟ್ಟಿಕೊಂಡು ಬೀಳುತ್ತದೆ.

ಮೊಬೈಲು ಹಿಡಿದು ನಿಂತ ಮಂದಿ, ಇದನ್ನು ದೂರದ ಯಾವುದೋ ಜವುಗಿಗೆ ಬಿಡುತ್ತಾರೆಂದುಕೊಂಡಿದ್ದಾರೆ. ಬಿಡುವುದಿಲ್ಲ. ಬಿಟ್ಟರೆ ರಸ್ತೆ ದಾಟಿಯಾದರೂ ಹಳೇ ಜಾಗಕ್ಕೆ ಮರಳಲು ನೋಡುತ್ತದೆ. ಬೇರೆ ಕೆರೆಗಳಲ್ಲೂ ಜಾಗ ಖಾಲಿ ಇಲ್ಲ. 4 ಅಡಿ ಮುಟ್ಟಿದ್ದು, ಜನಕ್ಕೋ ಸಾಕುಪ್ರಾಣಿಗೋ ಅಪಾಯವೆಂದು ದೂರು ಬಂದು ಹಿಡಿದದ್ದನ್ನು ಸಾಮಾನ್ಯವಾಗಿ ಕೊಲ್ಲುತ್ತಾರೆ. ಅದರ ಚರ್ಮ, ಮಾಂಸ ಮಾರಿ ಬಂದದ್ದೇ ಟ್ರ್ಯಾಪರನ ಮುಖ್ಯ ಗಳಿಕೆ.

ಹಾಗೆ ನೋಡಿದರೆ ಇದು ಮನುಷ್ಯನಿಗೆ ಅಂಜುವ ಪ್ರಾಣಿ. ಅಂಜಿಕೆ ಕಳೆಯುವುದು ತಿನಿಸಿನಿಂದ. ಮೀನಿನ ತಲೆಯನ್ನೋ ಕೋಳಿಯ ಚೂರನ್ನೋ ಎಸೆಯುವವರನ್ನು ಕಂಡು ಕಂಡು, ದಡಕ್ಕೆ ಯಾರು ಬಂದರೂ ಈಜಿಕೊಂಡು ಬರುವುದನ್ನು ಕಲಿಯುತ್ತದೆ. ಅದಕ್ಕೇ ಇಲ್ಲಿ ಅಲಿಗೇಟರಿಗೆ ತಿನ್ನಲು ಹಾಕುವುದು ಕಾನೂನಿಗೆ ವಿರುದ್ಧ. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿ, 1987ರಲ್ಲಿ ಅದರಿಂದ ಹೊರಬಂದ ಈ ಜೀವ ಈಗ ರಾಜ್ಯದ 67 ಕೌಂಟಿಗಳಲ್ಲೂ ಇದೆ; ಲೆಕ್ಕ ಸುಮಾರು 13 ಲಕ್ಷ. ಇಷ್ಟಿದ್ದರೂ, ಕೆಣಕದೆಯೇ ಕಚ್ಚಿ ವೈದ್ಯರ ಬಳಿಗೆ ಓಡಬೇಕಾದ ಪ್ರಕರಣ ವರ್ಷಕ್ಕೆ ಸರಾಸರಿ ಎಂಟೇ.

ಪಿಕಪ್ಪಿನ ಹಿಂಬದಿಗೆ ಅದನ್ನು ಎತ್ತಿ ಹಾಕುವಾಗ, ಪಕ್ಕದ ಮನೆಯ ಹೆಂಗಸೊಬ್ಬರು ನಾಯಿಯ ಪಟ್ಟಿ ಬಿಗಿಹಿಡಿದು, ಇನ್ನು ಇಲ್ಲಿ ಓಡಾಡಬಹುದೇ ಎಂದು ಕೇಳುತ್ತಾರೆ. ಓಡಾಡಿ, ಆದರೆ ಕತ್ತಲಾದ ಮೇಲೆ ನೀರಿಗಿಳಿಯಬೇಡಿ, ನಾಯಿಯನ್ನು ನೀರಿನಂಚಿಗೆ ಬಿಡಬೇಡಿ ಎನ್ನುತ್ತಾನೆ ಟ್ರ್ಯಾಪರ್. ಹಗ್ಗ ಸುತ್ತಿಡುತ್ತ ಇನ್ನೂ ಒಂದು ಮಾತು ಸೇರಿಸುತ್ತಾನೆ: ಈ ಕೊಳಕ್ಕೆ ಇನ್ನೊಂದು ಬಂದೇ ಬರುತ್ತದೆ, ಅದಕ್ಕಾದರೂ ಏನನ್ನೂ ಎಸೆಯಬೇಡಿ.