ಕೂತರೆ ಮೂರು ಸಾವಿರ, ಓದಿದರೆ ಅಮ್ಮನ ಸರ ಗಿರವಿ!

ಶಿವಮೊಗ್ಗ: ಮೊನ್ನೆ ಬುಧವಾರ ಮಧ್ಯಾಹ್ನ ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ಕಾಫಿಗೆಂದು ಕೂತಿದ್ದೆ. ಎದುರು ಬೆಂಚಿಗೆ ಒಬ್ಬ ಯಜಮಾನರು, ಅವರ ಹಿಂದೆಯೇ ಒಬ್ಬಳು ಹುಡುಗಿ ಬಂದು ಕೂತರು. ತೀರ್ಥಹಳ್ಳಿ ಕಡೆಯವರೆಂದು ಮಾತಿನಲ್ಲೇ ಗೊತ್ತಾಯಿತು. ಯಜಮಾನರ ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಒಳಗೆ ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಆದಾಯ ಸರ್ಟಿಫಿಕೇಟು, ಪಹಣಿ, ಜೆರಾಕ್ಸಿನ ಮೇಲೆ ಜೆರಾಕ್ಸು. ಎಲ್ಲದರ ಮೇಲೆ ಹೊಚ್ಚ ಹೊಸ ರಸೀದಿಯೊಂದು. ಅದು ಚಿನ್ನ ಅಡವಿಟ್ಟ ರಸೀದಿ.

“ಮಗಳಿಗೆ ಎಂ.ಎಸ್ಸಿ. ಸೀಟು ಸಿಕ್ತು ಸ್ವಾಮೀ, ಕೆಮಿಸ್ಟ್ರಿ. ಶುಕ್ರವಾರದೊಳಗೆ ಫೀಜು ಕಟ್ಬೇಕಂತೆ. ಇವಳಮ್ಮನ ಅವಲಕ್ಕಿ ಸರ ಇಟ್ಟು ಬಂದ್ವಿ” ಎಂದರು. ಹೇಳುವಾಗ ಹೆಮ್ಮೆಯೂ ಇತ್ತು, ನಾಚಿಕೆಯೂ ಇತ್ತು.

ಹುಡುಗಿ ತಲೆ ತಗ್ಗಿಸಿ, “ಸ್ಕಾಲರ್‌ಶಿಪ್ ಬಂದ ಕೂಡ್ಲೇ ಬಿಡಿಸ್ಕೊಡ್ತೀನಿ ಅಪ್ಪಯ್ಯ” ಎಂದಳು.

“ಬರೋದು ಯಾವಾಗಂತೆ?”

ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಓದುಗರೇ, ಈ ಅಂಕಣಕಾರನ ಹತ್ತಿರವೂ ಇರಲಿಲ್ಲ.

ಅವಳಿಗೆ ಸೀಟು ಸಿಕ್ಕಿದ್ದು ಯಾವ ವಿಶ್ವವಿದ್ಯಾನಿಲಯದಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಬರೆದು ಪ್ರಯೋಜನವೂ ಇಲ್ಲ. ಈ ಕಟ್ಟಳೆ ಅದೊಂದರದೇ ಅಲ್ಲ: ಮೊದಲು ಫೀಜು, ಆಮೇಲೆ ಸರ್ಕಾರದ ಸಹಾಯ.

ನಮ್ಮ ಜಿಲ್ಲೆಯವರಿಗೆ ಎಂ.ಎ., ಎಂ.ಎಸ್ಸಿ. ಎಂದರೆ ಒಂದು ಕಾಲಕ್ಕೆ ಮೈಸೂರಿನ ರೈಲು ಹತ್ತುವುದು ಎಂದೇ ಅರ್ಥ. ಕುಪ್ಪಳಿಯ ಪುಟ್ಟಪ್ಪನವರು ಮೈಸೂರಿಗೆ ಹೋಗಿ, ರಾಮಕೃಷ್ಣಾಶ್ರಮದ ಆಸರೆಯಲ್ಲಿದ್ದು 1929ರಲ್ಲಿ ಎಂ.ಎ. ಮುಗಿಸಿದರು. ಮೇಳಿಗೆಯ ಅನಂತಮೂರ್ತಿಯವರು ಮೈಸೂರಿನಲ್ಲಿ ಓದಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಹಿಡಿದು ಬರ್ಮಿಂಗ್‌ಹ್ಯಾಮಿಗೆ ಹೋಗಿ 1966ರಲ್ಲಿ ಪಿಎಚ್.ಡಿ. ಮಾಡಿ ಬಂದರು. ಉಳಿದವರಿಗೆ ವಾರಾನ್ನವೋ, ಮಠದ ಹಾಸ್ಟೆಲೋ, ಜಾತಿ ಸಂಘದ ಹಾಸ್ಟೆಲೋ ಗತಿಯಾಗಿತ್ತು. ಎಲ್ಲೋ ಒಂದು ಕಡೆ ಎಲೆ ಹಾಕುವವರಿದ್ದರೆ ಓದು, ಇಲ್ಲದಿದ್ದರೆ ತೋಟ.

1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಬಂತು. ಶಂಕರಘಟ್ಟದ ಕಾಡಿನ ಪಕ್ಕ ಜ್ಞಾನಸಹ್ಯಾದ್ರಿ ಎದ್ದು ನಿಂತಿತು. ದೂರದ ಕಷ್ಟ ಅರ್ಧ ಕಳೆಯಿತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟಿನ ದುಡ್ಡೂ ಉಳಿಯಿತು. (ಬಸ್ಸೇ ಬಾರದ ಹಳ್ಳಿಗಳ ಕಥೆ ಇನ್ನೊಂದು ದಿನ ಬರೆಯೋಣ.) ಹಾಗಾದರೆ ಇನ್ನೇನು ತೊಂದರೆ?

ತೊಂದರೆ ತಾರೀಖಿನದು.

ಡಿಗ್ರಿ ರಿಸಲ್ಟು ಬಂದು, ಅರ್ಜಿ ಹಾಕಿ, ಕೌನ್ಸೆಲಿಂಗ್ ಮುಗಿದು ಸೀಟು ಕೈಗೆ ಬರುವಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಕೈ ಪೂರ್ತಿ ಬರಿದಾಗಿರುವ ಹೊತ್ತೂ ಅದೇ. ಹೋದ ವರ್ಷದ ಅಡಿಕೆಯ ದುಡ್ಡು ಔಷಧಿ ಹೊಡೆಸಲಿಕ್ಕೆ, ಗೊಬ್ಬರಕ್ಕೆ, ಕೂಲಿಗೆ ಕರಗಿಹೋಗಿರುತ್ತದೆ. ಈ ವರ್ಷದ ಕೊನೆ ಕೊಯ್ಲು ದೀಪಾವಳಿಯ ಆಸುಪಾಸಿಗೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿ ದುಡ್ಡು ಕಾಣುವುದು ಸಂಕ್ರಾಂತಿಯ ಹೊತ್ತಿಗೆ. ಕೊಳೆ ರೋಗ, ಎಲೆಚುಕ್ಕೆ ರೋಗ ಬಿದ್ದ ತೋಟವಾದರೆ ಅದೂ ನೆಚ್ಚಿಕೆಯಿಲ್ಲ. ಕೌಂಟರಿನವನು ಕೊಡುವ ಗಡುವಾದರೋ ಕೆಲವೇ ದಿನ. ಅಷ್ಟರಲ್ಲಿ ಕಟ್ಟದಿದ್ದರೆ ಸೀಟು ಮುಂದಿನವರಿಗೆ.

ಆ ಕೆಲವು ದಿನದಲ್ಲಿ ಮನೆಯ ಯಜಮಾನ ಎಲ್ಲಿಗೆ ಹೋಗಬೇಕು? ಮಂಡಿಯಲ್ಲಿ ಬರುವ ಅಡಿಕೆಯ ಮೇಲೆ ಮುಂಗಡ ಕೇಳಬಹುದು. ಕೇಳಿದರೆ ಆ ಅಡಿಕೆಯ ರೇಟು ಕೇಳುವ ಬಾಯಿ ಸಣ್ಣದಾಗುತ್ತದೆ. ಹೆಂಗಸರ ಸ್ವಸಹಾಯ ಸಂಘದಲ್ಲಿ ಎತ್ತಬಹುದು, ಮುಂದಿನ ವಾರದಿಂದಲೇ ಕಂತು. ಕೊನೆಗೆ ಉಳಿಯುವುದು ಕೊರಳು, ಕಿವಿ, ಕೈ. ನಮ್ಮ ಜಿಲ್ಲೆಯ ಎಷ್ಟೋ ಎಂ.ಎಸ್ಸಿ.ಗಳ ಮೊದಲ ಕಂತು ಬಂದದ್ದು ಗಿರವಿ ಅಂಗಡಿಯಿಂದ ಎಂದರೆ ಯಾರೂ ಅಲ್ಲಗಳೆಯಲಾರರು.

ಇದೇ ಜಿಲ್ಲೆಯ ಸೊಸೈಟಿಗಳಲ್ಲಿ ಬೆಳೆಸಾಲಕ್ಕೆ ಬಡ್ಡಿಯಿಲ್ಲ. 2023ರಲ್ಲಿ ಅದರ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸುವ ಘೋಷಣೆಯಾಯಿತು. ಗಿಡಕ್ಕೆ ಗೊಬ್ಬರ ಹಾಕಲು ಬಡ್ಡಿಯಿಲ್ಲದ ದುಡ್ಡಿದೆ, ಮಗಳ ಫೀಜಿಗೆ ಇಲ್ಲ. (ಬೆಳೆಸಾಲದ ಹೆಸರಲ್ಲಿ ತಂದು ಫೀಜು ಕಟ್ಟಿದವರು ಎಷ್ಟು ಮಂದಿ ಎಂಬುದು ಸೊಸೈಟಿ ಸೆಕ್ರೆಟರಿಗಳಿಗೇ ಚೆನ್ನಾಗಿ ಗೊತ್ತು. ಅವರ ಬಾಯಿ ಬಿಡಿಸುವುದು ಬೇಡ.)

ಸರ್ಕಾರ ಏನೂ ಕೊಡುತ್ತಿಲ್ಲವೆ ಎಂದರೆ, ಕೊಡುತ್ತದೆ. ಸುಳ್ಳು ಹೇಳಬಾರದು. 2021ರಲ್ಲಿ ರೈತ ವಿದ್ಯಾನಿಧಿ ಬಂತು. ಸ್ನಾತಕೋತ್ತರ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಗಂಡಾದರೆ 10,000, ಹೆಣ್ಣಾದರೆ 11,000 ಎಂದು ಗೊತ್ತು ಮಾಡಿದರು. ಮುಂದೆ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರು, ಆಟೋ ಚಾಲಕರ ಮಕ್ಕಳಿಗೂ ಅದನ್ನು ವಿಸ್ತರಿಸಿದರು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಶುರುವಿನಲ್ಲಿ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳ ಊಟ-ವಸತಿಯ ದುಡ್ಡು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಂತೂ ಹಳೆಯದು.

ಆದರೆ ಇದೆಲ್ಲ ಕಂಪ್ಯೂಟರಿನ ಮೂಲಕ ಬರಬೇಕು. ಆಧಾರ್ ಬ್ಯಾಂಕ್ ಖಾತೆಗೆ ಸೇರಿರಬೇಕು. ಜಾತಿ-ಆದಾಯದ ಆರ್.ಡಿ. ನಂಬರು ಸರಿ ಇರಬೇಕು. ಸರ್ಟಿಫಿಕೇಟುಗಳಿಗೆ ಇ-ದೃಢೀಕರಣ ಆಗಬೇಕು. ರೈತ ವಿದ್ಯಾನಿಧಿಗೆ ತಂದೆಯದೋ ತಾಯಿಯದೋ ಫ್ರೂಟ್ಸ್ ಐಡಿ ಬೇಕು. ಅದಕ್ಕೆ ಅವರ ಹೆಸರಿನಲ್ಲಿ ಪಹಣಿ ಬೇಕು.

ಮಲೆನಾಡಿನ ಕಾಲು ಸಿಕ್ಕಿಬೀಳುವುದು ಇಲ್ಲೇ. ನಮ್ಮ ಯಜಮಾನರ ಪಹಣಿ ಇನ್ನೂ ಅವರ ತಂದೆಯ ಹೆಸರಿನಲ್ಲಿದೆ. ತಂದೆ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಣ್ಣತಮ್ಮಂದಿರ ಪಾಲು ಆಗಿಲ್ಲ. ಬಗರ್‌ಹುಕುಂ ಮಾಡಿದವರ ಪಾಡು ಇನ್ನೂ ಒಂದು ಕೈ ಮೇಲು: ಫಾರಂ 50, ಫಾರಂ 53, ಫಾರಂ 57 ಎಂದು ಅಪ್ಪನಿಂದ ಮಗನವರೆಗೆ ಅರ್ಜಿಯೇ ಪಿತ್ರಾರ್ಜಿತ. 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಶರಾವತಿ ಸಂತ್ರಸ್ತರಲ್ಲಿ ಉಳುವ ನೆಲಕ್ಕೆ ಹಕ್ಕುಪತ್ರವಿಲ್ಲದವರು ಇವತ್ತಿಗೂ ಇದ್ದಾರೆ. ಇವರೆಲ್ಲ ಬೆಳಗಾದರೆ ಗದ್ದೆಯಲ್ಲೇ ಇರುವವರು. ಕಂಪ್ಯೂಟರಿನ ಲೆಕ್ಕದಲ್ಲಿ ರೈತರಲ್ಲ!

ಈಗ ತಲೆಬರಹದ ಮಾತಿಗೆ ಬರೋಣ.

2024ರ ಜನವರಿ 12ರಂದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಯುವನಿಧಿಗೆ ಚಾಲನೆ ಕೊಟ್ಟರು. ಊರಿಗೆ ಊರೇ ನೆರೆದಿತ್ತು. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಒಳ್ಳೆಯದೇ. ಕೆಲಸವಿಲ್ಲದ ಹುಡುಗರ ಕೈಗೆ ನಾಲ್ಕು ಕಾಸು ಬೇಡವೆಂದು ಯಾರೂ ಹೇಳಬಾರದು. ಆದರೆ ಅದಕ್ಕೊಂದು ಕಟ್ಟಳೆಯಿದೆ: ಡಿಗ್ರಿಯ ಮೇಲೆ ಓದು ಮುಂದುವರಿಸಿದವರಿಗೆ ಇದು ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ 72,000 ರೂಪಾಯಿ. ಎಂ.ಎಸ್ಸಿ.ಯೂ ಎರಡು ವರ್ಷ. ಈ ಹುಡುಗಿ ಕೆಲಸ ಸಿಗಲಿಲ್ಲವೆಂದು ಮನೆಯಲ್ಲಿ ಅಡಿಕೆ ಸುಲಿಯುತ್ತ ಕೂತರೆ ಆ ದುಡ್ಡಿಗೆ ಅರ್ಜಿ ಹಾಕಬಹುದು. ಪ್ರಯೋಗಾಲಯಕ್ಕೆ ಹೋಗಿ ನಿಂತರೆ ಹಾಕುವಂತಿಲ್ಲ. ಓದುವವರಿಗೆ ಬೇರೆ ವಿದ್ಯಾರ್ಥಿವೇತನವಿದೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇದೆ. ಅದು ಫೀಜಿನ ಗಡುವಿಗೆ ಬರುವುದಿಲ್ಲ ಎಂಬುದೇ ನಮ್ಮ ತಕರಾರು.

ಇದನ್ನು ಹೇಳಿದಾಗ ಯಜಮಾನರು ನಕ್ಕರು. “ಹಂಗಾದ್ರೆ ಓದಿದ್ದೇ ತಪ್ಪಾಯ್ತಾ ಸ್ವಾಮೀ?” ಹುಡುಗಿ ನಗಲಿಲ್ಲ.

ಬ್ಯಾಂಕಿಗೆ ಹೋಗಿದ್ದಿರಾ ಎಂದು ಕೇಳಿದೆ. ಹೋಗಿದ್ದರಂತೆ. ಮ್ಯಾನೇಜರು ಒಳ್ಳೆಯ ಮನುಷ್ಯನೇ, ಕೂರಿಸಿ ಮಾತಾಡಿದನಂತೆ. ಎಂಜಿನಿಯರಿಂಗ್ ಆಗಿದ್ದರೆ ನೋಡಬಹುದಿತ್ತು, ಎಂ.ಎಸ್ಸಿ. ಓದಿ ಕಂತು ಹೇಗೆ ಕಟ್ಟುತ್ತಾಳೆ, ಜಾಮೀನಿಗೆ ಏನಿದೆ ಎಂದನಂತೆ. ಇವರು ಎದ್ದು ಬಂದರು.

ಎದ್ದು ಬರಬೇಕಾಗಿರಲಿಲ್ಲ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಜಾಮೀನು ಕೇಳಬಾರದೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ತಂದೆಯೋ ತಾಯಿಯೋ ಜತೆ ಸಾಲಗಾರರಾಗಿ ಸಹಿ ಹಾಕಿದರೆ ಆಯಿತು. ನಿಮ್ಮ ಊರು ನಮ್ಮ ಬ್ರಾಂಚಿಗೆ ಸೇರಿಲ್ಲ ಎಂಬ ನೆಪ ಹೇಳಿ ಶಿಕ್ಷಣ ಸಾಲ ತಳ್ಳಿಹಾಕಬಾರದೆಂದು 2012ರಲ್ಲೇ ಸುತ್ತೋಲೆಯಾಗಿದೆ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವ ಹಾಗಿಲ್ಲ. ಆದರೆ ಬಡ್ಡಿ ಬೆಳೆಯುತ್ತಿರುತ್ತದೆ, ಅದನ್ನು ಮರೆಯಬೇಡಿ. 2009ರಲ್ಲಿ ಕೇಂದ್ರ ತಂದ ಬಡ್ಡಿ ಸಬ್ಸಿಡಿ ವೃತ್ತಿಪರ, ತಾಂತ್ರಿಕ ಕೋರ್ಸಿನವರಿಗೆ. ಕೆಮಿಸ್ಟ್ರಿ, ಕನ್ನಡ, ಇತಿಹಾಸದವರಿಗೆ ಆ ಭಾಗ್ಯವಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ಸಣ್ಣ ಮೊತ್ತದ ಸಾಲಕ್ಕೆ ಇಷ್ಟೊಂದು ಕಾಗದ ಓಡಾಡಿಸುವುದು ಬ್ಯಾಂಕಿಗೂ ಬೇಡ, ಮನೆಯವರಿಗೂ ಬೇಡ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ವಿಚಾರದಲ್ಲಿ ದಾರಿ ಆಗಲೇ ತೋರಿಸಿಯಾಗಿದೆ. 2021ರ ಕೇಂದ್ರ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬುದೊಂದಿದೆ. ಅದನ್ನು ತೋರಿಸಿದವರು ಫೀಜನ್ನು ಮುಂಚಿತವಾಗಿ ಕಟ್ಟದೆ ಸೇರಬಹುದು. ವಿದ್ಯಾರ್ಥಿವೇತನ ಖಾತೆಗೆ ಬಂದ ಮೇಲೆ ಕಟ್ಟಿದರಾಯಿತು. ಕಾಗದದ ಮೇಲಿರುವುದು ಪ್ರತಿ ಕೌಂಟರಿನಲ್ಲೂ ನಡೆಯಬೇಕು, ಅದು ಮೊದಲ ಮಾತು. ಇದೇ ಕಾರ್ಡನ್ನು ಆದಾಯ ಮಿತಿಯೊಳಗಿನ ಉಳಿದ ಮಕ್ಕಳಿಗೂ ರಾಜ್ಯ ಸರ್ಕಾರ ಯಾಕೆ ಕೊಡಬಾರದು ಎಂಬುದು ಎರಡನೆಯ ಮಾತು. ಇದಕ್ಕೆ ಹೊಸ ಖಜಾನೆ ಬೇಕಿಲ್ಲ. ಕೊಡುವ ದುಡ್ಡನ್ನೇ ಕೊಡುವುದು, ಅದು ಬರುವ ತನಕ ಕಾಯುವುದು ಅಷ್ಟೆ. ಆರು ತಿಂಗಳು ಕಾಯಲು ವಿಶ್ವವಿದ್ಯಾನಿಲಯಕ್ಕೆ ಆಗದಿದ್ದರೆ, ಒಂದೂವರೆ ಎಕರೆ ತೋಟದ ಮನೆಗೆ ಆಗುತ್ತದೆಯೆ? ಅದೂ ಬೇಡವೆಂದರೆ ಫೀಜನ್ನು ಎರಡು ಕಂತು ಮಾಡಿ, ಎರಡನೆಯದನ್ನು ಸಂಕ್ರಾಂತಿಯ ಆಚೆಗೆ ಇಡಲಿ. ನಮ್ಮ ಶಾಸಕರುಗಳಲ್ಲಿ ತೋಟ ಇಲ್ಲದವರು ಕಡಿಮೆ. ಈ ಲೆಕ್ಕ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಆ ಹುಡುಗಿಗೆ ಗೊತ್ತೇ ಇರಲಿಲ್ಲ, ಅವಳ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಯು.ಜಿ.ಸಿ.ಯವರು 2023-24ರಿಂದ ಸ್ನಾತಕೋತ್ತರ ಓದಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನವೊಂದನ್ನು ಇಟ್ಟರು. ತಿಂಗಳಿಗೆ 15,000ದಂತೆ ವರ್ಷಕ್ಕೆ ಹತ್ತು ತಿಂಗಳು. ಇಡೀ ದೇಶಕ್ಕೆ ಹತ್ತು ಸಾವಿರ ಮಂದಿಗೆ, ಅದರಲ್ಲಿ ನೂರಕ್ಕೆ ಮೂವತ್ತು ಹೆಣ್ಣುಮಕ್ಕಳಿಗೆ. ಡಿಗ್ರಿಯ ಅಂಕದ ಮೇಲೆ ಆಯ್ಕೆ. ಮೊದಲ ವರ್ಷ ಸೇರಿದಾಗಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಸಿಗುತ್ತದೆಂದು ಭರವಸೆ ಕೊಡಲು ನಾನು ಯಾರು? ಆದರೆ ಅರ್ಜಿಯನ್ನೇ ಹಾಕದವರಿಗೆ ಅದು ಸಿಗುವುದಿಲ್ಲ ಎಂಬುದು ಮಾತ್ರ ಗ್ಯಾರಂಟಿ. ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲರುಗಳು ಕೊನೆಯ ಸೆಮಿಸ್ಟರಿನ ಮಕ್ಕಳನ್ನು ಕೂರಿಸಿಕೊಂಡು ಅರ್ಧ ಗಂಟೆ ಇದನ್ನು ಹೇಳಿದರೆ ಅವರ ಗಂಟೇನೂ ಹೋಗುವುದಿಲ್ಲ.

ಹುಡುಗಿ ಫೋನಿನಲ್ಲಿ ಹುಡುಕತೊಡಗಿದಳು. ಯಜಮಾನರಿಗೆ ಫೋನಿನ ಮೇಲೆ ನಂಬಿಕೆ ಇದ್ದಂತಿರಲಿಲ್ಲ. ಕವರಿನಿಂದ ಹಳೆಯ ಮಂಡಿ ಪಟ್ಟಿಯೊಂದನ್ನು ತೆಗೆದು, ಬೆನ್ನು ತಿರುಗಿಸಿ ನನ್ನ ಮುಂದಿಟ್ಟರು. “ಇದ್ರಲ್ಲಿ ದಪ್ಪಕ್ಷರದಲ್ಲಿ ಬರ್ಕೊಡಿ ಸ್ವಾಮೀ. ಊರಲ್ಲಿ ಇನ್ನೂ ಮೂರು ಮಕ್ಳಿದಾರೆ, ಡಿಗ್ರಿ ಕಡೇ ವರ್ಷ.”

ಬರೆದುಕೊಟ್ಟೆ. ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ, ಸರದ ರಸೀದಿಯ ಜತೆಗೇ ಇಟ್ಟುಕೊಂಡರು. ಕಾಫಿಯ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ. ಮೂರೂವರೆಯ ತೀರ್ಥಹಳ್ಳಿ ಬಸ್ಸಿಗೆ ಇನ್ನು ಹತ್ತೇ ನಿಮಿಷವಿತ್ತು, ಇಬ್ಬರೂ ಬಿರಬಿರನೆ ನಡೆದರು.