ಮಾಡಿ ನೋಡಿದವರನ್ನು ಏನು ಕೇಳಬೇಕು?

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ರೆಸಿಪಿ ಈಗ ಮೊಬೈಲ್ ಇರುವ ಯಾರಿಗಾದರೂ ಸಿಗುತ್ತದೆ. ತುಮಕೂರಿನ ಅಂಚಿನ ಆ ಊರಿನಲ್ಲಿ ಇಡ್ಲಿ ತಿಂದು ಹೋದವರು ಅದೇ ಮೆದುವನ್ನು ಮನೆಯಲ್ಲಿ ತರಲು ಹೊರಡುತ್ತಾರೆ. ಅಕ್ಕಿ, ಉದ್ದು, ಅವಲಕ್ಕಿ ಅಥವಾ ಸಬ್ಬಕ್ಕಿಯ ಅಳತೆ ಓದಿ ನೆನೆಹಾಕುತ್ತಾರೆ, ರುಬ್ಬುತ್ತಾರೆ, ಬೇಯಿಸುತ್ತಾರೆ, ಆಮೇಲೆ ಸ್ಟಾರ್ ಒತ್ತುತ್ತಾರೆ. ಒಬ್ಬರು ಐದು ಕೊಟ್ಟರು, ಇನ್ನೊಬ್ಬರು ಒಂದು ಕೊಟ್ಟರು, ಸರಾಸರಿ ಮೂರಾಯಿತು. ಈ ಮೂರರಿಂದ ರೆಸಿಪಿ ಬರೆದವರಿಗೆ ಏನನ್ನು ತಿದ್ದಬೇಕೆಂದು ತಿಳಿಯುವುದಿಲ್ಲ, ನಾಳೆ ಅದನ್ನೇ ಮಾಡಲಿರುವವರಿಗೆ ಎಲ್ಲಿ ಎಚ್ಚರ ಬೇಕೆಂದೂ ತಿಳಿಯುವುದಿಲ್ಲ. ದೋಷವಿರುವುದು ಕೇಳಿದ ಪ್ರಶ್ನೆಯಲ್ಲಿ. ರುಚಿ ಹಿಡಿಸಿತೇ, ಬರೆದ ಕ್ರಮದಲ್ಲಿ ಮಾಡಿದರೆ ಅಡುಗೆ ಸರಿಯಾಗಿ ಬರುತ್ತದೆಯೇ, ನೀವು ಅದೇ ಕ್ರಮದಲ್ಲಿ ಮಾಡಿದಿರೇ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಗುಂಡಿಯಲ್ಲಿ ಉತ್ತರ ಕೇಳುತ್ತಿದ್ದೇವೆ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನೊಂದಿಗೆ ಬೆಳೆದ ನಾಟಕ ಕಂಪನಿಯಂಥವುಗಳ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ, ಯಾವ ಹಾಡು ಮನಸ್ಸು ಮುಟ್ಟಿತೆಂದು ನಟನಿಗೆ ಆ ಗಳಿಗೆಯಲ್ಲೇ ಗೊತ್ತಾಗುತ್ತಿತ್ತು. ಸ್ಟಾರ್‌ಗೆ ಆ ಶಕ್ತಿ ಇಲ್ಲ.

ಇಡ್ಲಿಯನ್ನೇ ಹಿಡಿದು ನೋಡೋಣ. ಹಿಟ್ಟು ಉಬ್ಬುವುದು ಉದ್ದು ಮತ್ತು ಅಕ್ಕಿಯ ಜೊತೆಗೇ ಬರುವ ಬ್ಯಾಕ್ಟೀರಿಯಾಗಳಿಂದ. ಲ್ಯೂಕೊನಾಸ್ಟಾಕ್ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಸುಮಾರು 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಅವು ಚುರುಕಾಗಿ ಕೆಲಸ ಮಾಡಿ ಹುಳಿಯನ್ನೂ ಗಾಳಿಯನ್ನೂ ಹುಟ್ಟಿಸುತ್ತವೆ. ಏಪ್ರಿಲ್‌ನಲ್ಲಿ ತುಮಕೂರಿನ ಅಡುಗೆಮನೆಯಲ್ಲಿ ರಾತ್ರಿ ಇಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಬಂದಿರುತ್ತದೆ. ಅದೇ ಹಿಟ್ಟು ಡಿಸೆಂಬರ್‌ನ ಚಳಿಯಲ್ಲೋ, ಚಳಿ ದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಅಡುಗೆಮನೆಯಲ್ಲೋ ಅಲುಗದೆ ಕೂತಿರುತ್ತದೆ. ರೆಸಿಪಿಯಲ್ಲಿ ‘ರಾತ್ರಿಯಿಡೀ ಬಿಡಿ’ ಎಂದಷ್ಟೇ ಇತ್ತು. ಇಡ್ಲಿ ಕಲ್ಲಾಯಿತು, ಒಂದು ಸ್ಟಾರ್ ಬಿತ್ತು. ‘ಹಿಟ್ಟನ್ನು ಎಷ್ಟು ಹೊತ್ತು ಬಿಟ್ಟಿರಿ? ಉಬ್ಬಿತ್ತೇ?’ ಎಂದು ಕೇಳಿದ್ದರೆ ಅದೇ ಸಿಟ್ಟಿನ ಓದುಗರಿಂದ ರೆಸಿಪಿಗೆ ಅತ್ಯಂತ ಬೇಕಾದ ಸಾಲು ಸಿಗುತ್ತಿತ್ತು: ಚಳಿಗಾಲದಲ್ಲಿ ಹೊತ್ತು ನೋಡಬೇಡಿ, ಹಿಟ್ಟು ಉಬ್ಬಿದ್ದನ್ನು ನೋಡಿ.

ಕುಣಿಗಲ್, ಗುಬ್ಬಿ ಕಡೆಯ ದಿನದ ಊಟಕ್ಕೆ ಬಂದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮುದ್ದೆಗೆ ಎಸರು ಎಷ್ಟು ಬೇಕೆಂಬುದು ರಾಗಿ ಹಿಟ್ಟಿನ ನುಣುಪನ್ನೂ ಹಳತು ಹೊಸತನ್ನೂ ಅವಲಂಬಿಸುತ್ತದೆ. ಗಿರಣಿಯಲ್ಲಿ ಬೀಸಿಸಿದ ಹಿಟ್ಟಿಗೆ ಬರೆದ ಅಳತೆ ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಹೊಂದದೆ ಹೋಗಬಹುದು. ಗಂಟಾಯಿತು ಎಂದವರಿಗೂ ನೀರಾಯಿತು ಎಂದವರಿಗೂ ಸ್ಟಾರ್ ಒಂದೇ, ಆದರೆ ಪರಿಹಾರ ಒಂದೇ ಅಲ್ಲ. ಹಿದುಕಿದ ಬೇಳೆ ಸಾರಿನದು ಕಾಲದ ಪ್ರಶ್ನೆ. ಚಳಿಗಾಲದ ಸೊಗಡಿನ ಅವರೆಯಲ್ಲಿ ಮಾಡಿದವರು ಹೊಗಳುತ್ತಾರೆ. ಜೂನ್‌ನಲ್ಲಿ ಒಣ ಅವರೆ ನೆನೆಸಿ ಮಾಡಿದವರು ಆ ಪರಿಮಳ ಎಲ್ಲಿ ಎಂದು ಹುಡುಕುತ್ತಾರೆ. ಇಬ್ಬರ ಅಂಕವನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಯಾವ ಸಾರಿನದೂ ಅಲ್ಲ. ಮಾಡಿದ ತಿಂಗಳು, ಬಳಸಿದ ಕಾಳು ಎಂಬ ಎರಡು ಮಾಹಿತಿ ಜೊತೆಗಿದ್ದರೆ ಅದೇ ಅಂಕಕ್ಕೆ ಅರ್ಥ ಬರುತ್ತದೆ.

ಸ್ಟಾರ್‌ಗಳ ದೌರ್ಬಲ್ಯ ಅಡುಗೆಯಾಚೆಗೂ ಬಯಲಾಗಿದೆ. ಜನ ಒತ್ತುವುದರಲ್ಲಿ ಹೆಚ್ಚಿನದು ಐದೇ ಎಂದು ಯೂಟ್ಯೂಬ್ 2009ರಲ್ಲಿ ತಾನೇ ಹೇಳಿ, ಮರುವರ್ಷ ಸ್ಟಾರ್ ಕೈಬಿಟ್ಟು ಹೆಬ್ಬೆರಳಿನ ಗುರುತಿಗೆ ಬದಲಾಯಿತು. ಮೊದಲು ಬಿದ್ದ ಅಂಕ ಮುಂದಿನವರನ್ನು ಎಳೆಯುತ್ತದೆ ಎಂಬುದೂ ಪ್ರಯೋಗದಿಂದ ತಿಳಿದಿದೆ. ‘ಸೈನ್ಸ್’ ಪತ್ರಿಕೆಯಲ್ಲಿ 2013ರಲ್ಲಿ ಬಂದ ಅಧ್ಯಯನದಲ್ಲಿ, ಸಂಶೋಧಕರು ಯಾವುದೋ ಬರಹಕ್ಕೆ ಮೊದಲಲ್ಲೇ ಒಂದು ಮೆಚ್ಚುಗೆಯನ್ನು ತಾವಾಗಿಯೇ ಸೇರಿಸಿದಾಗ ಅದರ ಕೊನೆಯ ಅಂಕ ಸರಾಸರಿ ಶೇ. 25ರಷ್ಟು ಏರಿತು. ಆದ್ದರಿಂದ ಅಡುಗೆ ಮಾಡಿದವರು ತಮ್ಮ ಅಂಕ ಕೊಡುವವರೆಗೆ ಉಳಿದವರ ಸರಾಸರಿಯನ್ನು ಅವರಿಗೆ ತೋರಿಸಬಾರದು.

ಅಂಕಗಳ ಸಂಖ್ಯೆಗೂ ಬೆಲೆ ಕೊಡಬೇಕು. ನೆಂಟರು ಮೂವರು ಐದೈದು ಕೊಟ್ಟ ರೆಸಿಪಿ, 200 ಜನರಿಂದ 4.6 ಪಡೆದದ್ದಕ್ಕಿಂತ ಮೇಲೆ ಕೂರುವುದು ಅನ್ಯಾಯ. ಎಲ್ಲ ರೆಸಿಪಿಗಳ ಸರಾಸರಿ 4.2 ಎಂದುಕೊಳ್ಳಿ. ಪ್ರತಿ ರೆಸಿಪಿಗೂ ಆ ಸರಾಸರಿಯ ಹತ್ತು ಅಂಕಗಳನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿದರೆ ಮೊದಲನೆಯದು 4.38ಕ್ಕೆ ಇಳಿಯುತ್ತದೆ, ಎರಡನೆಯದು 4.58ರಲ್ಲಿ ನಿಲ್ಲುತ್ತದೆ. ಹೊಸ ರೆಸಿಪಿಗೆ ಇದರಿಂದ ಶಾಶ್ವತ ಹಾನಿಯಿಲ್ಲ. ಮಾಡಿ ನೋಡಿದವರು ಹೆಚ್ಚಿದಂತೆ ಸೇರಿಸಿದ ಆ ಹತ್ತರ ಭಾರ ತಾನೇ ಕರಗುತ್ತದೆ.

ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಯಾರು ಉತ್ತರಿಸುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. ಕೈಯಲ್ಲಿ ಹಿಟ್ಟು ಅಂಟಿರುವವರ ಮುಂದೆ ಉದ್ದದ ಅರ್ಜಿ ಇಡಬಾರದು. ಮೊದಲು ‘ಮಾಡಿದಿರಾ?’ ಎಂದಷ್ಟೇ ಕೇಳಿ, ಹೌದೆಂದವರಿಗೆ ಆ ಅಡುಗೆ ಎಲ್ಲಿ ಕೆಡುವ ಸಾಧ್ಯತೆ ಹೆಚ್ಚೋ ಅದರ ಬಗ್ಗೆ ಒಂದೇ ಪ್ರಶ್ನೆ ಇಟ್ಟರೆ ಸಾಕು: ಇಡ್ಲಿಗೆ ಹಿಟ್ಟಿನ ಉಬ್ಬು, ಮುದ್ದೆಗೆ ನೀರು. ಆ ಒಂದು ಪ್ರಶ್ನೆಯನ್ನು ಆರಿಸಬೇಕಾದವರು ರೆಸಿಪಿ ಬರೆದವರೇ. ತಮ್ಮ ಅಡುಗೆ ಎಲ್ಲಿ ಕೈಕೊಡುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ರುಚಿ ಅವರವರದು, ಅದನ್ನು ಅಳೆಯುವುದೇ ತಪ್ಪು ಎನ್ನುವವರೂ ಇದ್ದಾರೆ. ಆಹಾರ ವಿಜ್ಞಾನ ಈ ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗಿದೆ. ಕಳೆದ ಶತಮಾನದ ನಡುವೆ ಅಮೆರಿಕದ ಸೇನೆಯ ಆಹಾರ ಸಂಶೋಧನೆಯಲ್ಲಿ ರೂಪುಗೊಂಡ ಒಂಬತ್ತು ಮೆಟ್ಟಿಲಿನ ಮಾಪನ ‘ಅತ್ಯಂತ ಇಷ್ಟ’ದಿಂದ ‘ಅತ್ಯಂತ ಅನಿಷ್ಟ’ದವರೆಗೆ ಇಷ್ಟವನ್ನು ಮಾತ್ರ ಕೇಳುತ್ತದೆ. ಬಣ್ಣ, ವಾಸನೆ, ಮೃದುತ್ವಗಳನ್ನು ತರಬೇತಾದವರು ಬೇರೆಯಾಗಿ ಗುರುತಿಸುತ್ತಾರೆ. 1950ರಲ್ಲಿ ಆರಂಭವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇಂಥ ಪರೀಕ್ಷೆಗೆಂದೇ ವಿಭಾಗವಿದೆ. ಮನೆ ಅಡುಗೆಗೆ ಪ್ರಯೋಗಾಲಯ ಬೇಡ, ಇಷ್ಟವನ್ನೂ ಗುಣವನ್ನೂ ಬೇರೆಯಾಗಿಡುವ ಆ ವಿವೇಕ ಬೇಕು.

ಕೈ ಅಳತೆಯಲ್ಲಿ ಬೆಳೆದ ಅಡುಗೆಗೆ ಈ ಲೆಕ್ಕಾಚಾರ ಒಗ್ಗದು ಎಂಬ ಮಾತೂ ಕೇಳಿಬರುತ್ತದೆ. ಆದರೆ ಕನ್ನಡದಲ್ಲಿ ಅಡುಗೆಯನ್ನು ಬರೆದಿಡುವುದು ಸಾವಿರ ವರ್ಷದ ರೂಢಿ. ಚಾವುಂಡರಾಯನ ‘ಲೋಕೋಪಕಾರ’ 1025ರದು; ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬರೆದ. ಆ ಗ್ರಂಥಕಾರರಿಗೆ ಓದುಗರ ಒಲೆಯ ಮೇಲೆ ಏನಾಯಿತೆಂದು ತಿಳಿಯುವ ದಾರಿ ಇರಲಿಲ್ಲ. ಇಂದು ಬರೆಯುವವರಿಗೆ ಆ ದಾರಿ ತೆರೆದಿದೆ. ಕೈ ಅಳತೆ ಬಲ್ಲ ಗೃಹಿಣಿಯ ಉತ್ತರಕ್ಕೆ ಇಲ್ಲಿ ಹೆಚ್ಚು ಬೆಲೆ, ಏಕೆಂದರೆ ಹಿಟ್ಟು ತೊಳಸುವಾಗ ಕೋಲಿಗೆ ಎಷ್ಟು ಬಿಗಿ ಸಿಗಬೇಕೆಂದು ಹೇಳಬಲ್ಲವರು ಅವರೇ.

ಸುಳ್ಳು ಹೊಗಳಿಕೆಯ ಕಾಟವನ್ನು ಅಲ್ಲಗಳೆಯಲಾಗದು. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನಕವನ್ನು ಹೊರತಂದು, ಆನ್‌ಲೈನ್ ವಿಮರ್ಶೆ ಬರೆದವರ ಗುರುತನ್ನು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂದು ಹೇಳಿತು. ಅದು ಗ್ರಾಹಕ ವಸ್ತು ಮತ್ತು ಸೇವೆಗಳಿಗಾಗಿ ಬಂದದ್ದು, ಹೊರಬಂದಾಗ ಪಾಲಿಸುವುದು ಸ್ವಇಚ್ಛೆಯದಾಗಿತ್ತು. ರೆಸಿಪಿಗೂ ಅದರ ತಿರುಳು ಸಲ್ಲುತ್ತದೆ. ಮಾಡದೆಯೇ ಹೊಗಳುವವರಿಗೆ ಹಿಟ್ಟು ಎಷ್ಟು ಉಬ್ಬಿತ್ತೆಂಬ ಪ್ರಶ್ನೆ ತೊಡಕಾಗುತ್ತದೆ. ಕಹಿ ಮಾತನ್ನು ಮಾತ್ರ ಅಳಿಸಬಾರದು. ಕೆಟ್ಟುಹೋದ ಇಡ್ಲಿಯ ವಿವರ ಬಂದಾಗ ರೆಸಿಪಿಯ ಸಾಲನ್ನು ತಿದ್ದಿ, ತಿದ್ದಿದ ತಾರೀಖನ್ನು ಪಕ್ಕದಲ್ಲಿ ಬರೆದು, ಆ ದಿನದಿಂದ ಬಂದ ಅಂಕಗಳನ್ನು ಹಳೆಯವುಗಳಿಂದ ಬೇರೆಯಾಗಿ ಎಣಿಸಬೇಕು.