ಗೇರ್‌ಬಾಕ್ಸ್ ಬಿಚ್ಚುವ ಮುನ್ನ

ಷೆವ್ರೊಲೆ ಕಂಪನಿ 1973ರಿಂದ 1987ರವರೆಗೆ ತಯಾರಿಸಿದ ಚೌಕ ಮೈಕಟ್ಟಿನ ಸಿ-10, ಕೆ-10 ಪಿಕಪ್‌ಗಳು ಅಮೆರಿಕದ ಹೊಲಗಳಲ್ಲೂ ಹಳೆಗಾಡಿ ಪ್ರಿಯರ ಶೆಡ್ಡುಗಳಲ್ಲೂ ಇಂದಿಗೂ ಓಡಾಡಿಕೊಂಡಿವೆ. ಎಳೆತ ಹಿಂದಿನ ಎರಡು ಚಕ್ರಕ್ಕಷ್ಟೇ ಇದ್ದರೆ ಸಿ, ನಾಲ್ಕಕ್ಕೂ ಇದ್ದರೆ ಕೆ. ಇಷ್ಟು ವರ್ಷಗಳಲ್ಲಿ ಎಂಜಿನ್, ಕಾರ್ಬುರೇಟರ್, ರಿಮ್ಮುಗಳೆಲ್ಲ ಹಲವು ಕೈಗಳಲ್ಲಿ ಬದಲಾಗಿರುತ್ತವೆ. ರಿಪೇರಿಯ ತೊಡಕು ಶುರುವಾಗುವುದು ಅಲ್ಲಿಂದಲೇ. ದೂರು ಬರುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಮೇಲೆ. ದೋಷ ಇರುವುದು ಎಷ್ಟೋ ಸಲ ಹೊರಗಿನ ಕೇಬಲ್ಲಿನಲ್ಲೋ ರಬ್ಬರ್ ಹೋಸಿನಲ್ಲೋ ಚಕ್ರದಲ್ಲೋ. ಅದಕ್ಕೇ ಪಳಗಿದ ಮೆಕ್ಯಾನಿಕ್ ಹೊರಗಿನಿಂದ ಒಳಕ್ಕೆ ಹೋಗುತ್ತಾನೆ, ಬಾಕ್ಸ್ ಇಳಿಸುವ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ.

ಗಾಡಿಯಲ್ಲಿರುವುದು ಯಾವ ಬಾಕ್ಸ್ ಎಂಬುದನ್ನು ಮೊದಲು ತಿಳಿಯಬೇಕು. ನೋಂದಣಿ ಕಾಗದವನ್ನು ನಂಬುವುದಕ್ಕಿಂತ ಕೆಳಗೆ ನುಸುಳಿ ಎಣ್ಣೆತಟ್ಟೆಯ ಬೋಲ್ಟ್ ಎಣಿಸುವುದು ಮೇಲು. 16 ಇದ್ದರೆ ಅದು 1982ರಲ್ಲಿ ಬಂದ ನಾಲ್ಕು ಗೇರಿನ 700ಆರ್4. 13 ಇದ್ದರೆ ಮೂರು ಗೇರಿನ ಟರ್ಬೊ-ಹೈಡ್ರಮ್ಯಾಟಿಕ್ 350 ಅಥವಾ 400. ತಟ್ಟೆ ಚೌಕವಾಗಿದ್ದು ಒಂದು ಮೂಲೆ ಕತ್ತರಿಸಿದಂತಿದ್ದರೆ 350, ಉದ್ದವಾಗಿ ಅಡ್ಡಾದಿಡ್ಡಿ ಆಕಾರದಲ್ಲಿದ್ದರೆ 400.

ಈ ಮೂರರಲ್ಲಿಯೂ ಗೇರ್ ಬದಲಿಸುವುದು ಎಣ್ಣೆಯ ಒತ್ತಡವೇ, ಕಂಪ್ಯೂಟರಿನ ಕೈವಾಡವಿಲ್ಲ. ಹಿಂದಿನ ಶಾಫ್ಟಿನಿಂದ ತಿರುಗುವ ಗವರ್ನರ್ ಗಾಡಿಯ ವೇಗಕ್ಕೆ ತಕ್ಕಂತೆ ಒಂದು ಒತ್ತಡ ಕಳಿಸುತ್ತದೆ. ಎಂಜಿನ್ ಮೇಲಿನ ಭಾರಕ್ಕೆ ತಕ್ಕಂತೆ ಎದುರಿನಿಂದ ಇನ್ನೊಂದು ಬರುತ್ತದೆ. ಎರಡರ ಹಗ್ಗಜಗ್ಗಾಟದಲ್ಲಿ ವೇಗದ ಕಡೆ ಗೆದ್ದ ಗಳಿಗೆಯಲ್ಲಿ ಗೇರ್ ಮೇಲೇರುತ್ತದೆ. ತಡವಾಗಿ ಏರುವುದು, ಬೇಗ ಏರುವುದು, ಏರದೇ ಉಳಿಯುವುದು ಈ ಮೂರೂ ದೂರುಗಳನ್ನು ಬಹುಮಟ್ಟಿಗೆ ಈ ಲೆಕ್ಕದಿಂದಲೇ ಬಿಡಿಸಬಹುದು.

ಪರೀಕ್ಷೆಯ ಮೊದಲ ಹೆಜ್ಜೆ ಎಣ್ಣೆ. ಗಾಡಿ ಸಮತಟ್ಟು ನೆಲದಲ್ಲಿ ನಿಂತು, ಎಣ್ಣೆ ಚೆನ್ನಾಗಿ ಕಾದು, ಎಂಜಿನ್ ಓಡುತ್ತಿರುವಾಗ ಲಿವರನ್ನು ಪಾರ್ಕ್‌ಗೆ ಹಾಕಿ ಅಳೆಯಬೇಕು. (ಡಾಡ್ಜ್ ಪಿಕಪ್‌ಗಳ ಹಳೆಯ ಟಾರ್ಕ್‌ಫ್ಲೈಟ್ ಬಾಕ್ಸಿನಲ್ಲಿ ಹೀಗಲ್ಲ, ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರಿಗೆ ಪಾರ್ಕ್‌ನಲ್ಲಿ ಎಣ್ಣೆ ಹೋಗದ ಕಾರಣ ನ್ಯೂಟ್ರಲ್‌ನಲ್ಲೇ ನೋಡಬೇಕು.) ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಹೆಚ್ಚಾದರೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ. ಎರಡರ ಫಲವೂ ಒಂದೇ, ಗೇರ್ ಸ್ಲಿಪ್. ತಿಳಿಗೆಂಪು ಬಣ್ಣ ಆರೋಗ್ಯದ ಗುರುತು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಕರಕಲಾಗಿವೆ. ಹಾಲು ಬೆರೆಸಿದ ಗುಲಾಬಿ ಬಣ್ಣ ಕಂಡರೆ ರೇಡಿಯೇಟರಿನೊಳಗಿನ ಎಣ್ಣೆ ಕೂಲರ್ ತೂತಾಗಿ ನೀರು ಬೆರೆತಿದೆ ಎಂದರ್ಥ. ಆಗ ರೇಡಿಯೇಟರ್ ಮುಟ್ಟದೆ ಬಾಕ್ಸ್ ರಿಪೇರಿ ಮಾಡಿ ಪ್ರಯೋಜನವಿಲ್ಲ. 1970ರ ದಶಕದ ಆರಂಭದವರೆಗೂ ಈ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಾಸಾಯನಿಕಗಳು ಆ ಜಾಗಕ್ಕೆ ಬಂದವು.

350 ಮತ್ತು 400ರಲ್ಲಿ ಭಾರದ ಸುದ್ದಿ ತಲುಪಿಸುವುದು ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಪುಟ್ಟ ಡಬ್ಬಿ. ಎಂಜಿನ್ನಿನಿಂದ ಅದಕ್ಕೆ ಬರುವ ಹೋಸ್ ಬಿರಿದರೆ, ಚಾಲಕ ಸದಾ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದಾನೆಂದು ಬಾಕ್ಸ್ ತಿಳಿಯುತ್ತದೆ. ಗೇರು ತಡವಾಗಿ, ಜರ್ಕ್ ಹೊಡೆದು ಏರುತ್ತದೆ. ಹೋಸ್ ಕಿತ್ತು ನೋಡಿದಾಗ ಒಳಗೆ ಕೆಂಪು ಎಣ್ಣೆ ಕಂಡರೆ ಡಬ್ಬಿಯ ಪೊರೆಯೇ ಹರಿದಿದೆ. ನೆಲಕ್ಕೆ ಹನಿ ಬೀಳದಿದ್ದರೂ ಎಣ್ಣೆ ಕಡಿಮೆಯಾಗುತ್ತಾ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುವುದು ಇದರಿಂದಲೇ. ಇನ್ನು ಗಾಡಿ ಮೊದಲ ಗೇರಿನಲ್ಲೇ ಕಿರುಚುತ್ತಾ ಮುಂದಕ್ಕೆ ಏರದಿದ್ದರೆ ಗವರ್ನರ್ ನೋಡಬೇಕು. ಅದರ ನೈಲಾನ್ ಹಲ್ಲು ಸವೆಯುವುದುಂಟು. ಬಾಕ್ಸ್ ಇಳಿಸದೆಯೇ ಬದಲಿಸಬಹುದು.

700ಆರ್4ರ ಕಥೆ ಬೇರೆ, ಅಪಾಯವೂ ಹೆಚ್ಚು. ಅಲ್ಲಿ ಕಾರ್ಬುರೇಟರಿಗೆ ಕಟ್ಟಿದ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಗೇರ್ ಬದಲಾಗುವ ಹೊತ್ತನ್ನಷ್ಟೇ ಅಲ್ಲ, ಕ್ಲಚ್ ಹಿಡಿಯುವ ಒತ್ತಡವನ್ನೂ ನಿರ್ಧರಿಸುತ್ತದೆ. ಕೇಬಲ್ ಸಡಿಲವಿದ್ದರೆ ಗೇರು ಬೇಗ, ಬೆಣ್ಣೆಯಷ್ಟು ನುಣ್ಣಗೆ ಏರುತ್ತದೆ. ಮಾಲೀಕ ಖುಷಿಪಡುತ್ತಿರುವಾಗಲೇ ಒಳಗೆ ಪ್ಲೇಟುಗಳು ಜಾರಿ ಸುಡುತ್ತಿರುತ್ತವೆ. ಬೇರೆ ಕಾರ್ಬುರೇಟರ್ ಹಾಕಿ, ಕೇಬಲ್ಲಿನ ಎಳೆತದ ಅಳತೆ ಸರಿಪಡಿಸುವ ಬ್ರ್ಯಾಕೆಟ್ ಮರೆತ ಗಾಡಿಗಳಲ್ಲಿ ಹಾಳಾದ ಬಾಕ್ಸುಗಳಿಗೆ ಲೆಕ್ಕವಿಲ್ಲ. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ಲೂ ಪೂರ್ತಿ ಎಳೆದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ದೋಷ ಉಳಿದರೆ ಪ್ರೆಷರ್ ಗೇಜ್ ಜೋಡಿಸಬೇಕು. ಆಮೇಲೆ ಕೆಲಸ ತರ್ಕದ್ದು. 350ರಲ್ಲಿ ಡೈರೆಕ್ಟ್ ಕ್ಲಚ್ ಮೂರನೇ ಗೇರಿಗೂ ರಿವರ್ಸಿಗೂ ದುಡಿಯುತ್ತದೆ. ಎರಡೂ ಒಟ್ಟಿಗೆ ಕೈಕೊಟ್ಟರೆ ಅದರದೇ ತಪ್ಪು. ಮೂರನೆಯದು ಗಟ್ಟಿಯಿದ್ದು ರಿವರ್ಸ್ ಮಾತ್ರ ಹೋಗಿದ್ದರೆ, ಲಿವರನ್ನು ಲೋಗೆ ಇಳಿಸಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಡಬೇಕು. ಎಂಜಿನ್ ಗಾಡಿಯನ್ನು ಹಿಡಿಯದಿದ್ದರೆ ಲೋ-ರಿವರ್ಸ್ ಕ್ಲಚ್ ಸತ್ತಿದೆ. ಮುಂದಿನ ಗೇರುಗಳೆಲ್ಲ ಹೋಗಿ ರಿವರ್ಸ್ ಮಾತ್ರ ಉಳಿದಿದ್ದರೆ ಫಾರ್ವರ್ಡ್ ಕ್ಲಚ್.

ನಡುಕದ ದೂರು ಗೇರ್‌ಬಾಕ್ಸಿಗೂ ಚಕ್ರಕ್ಕೂ ನಡುವಿನ ಗಡಿವಿವಾದ. 700ಆರ್4ರಲ್ಲಿ ಗಂಟೆಗೆ 70 ಕಿ.ಮೀ. ಆಸುಪಾಸಿನ ವೇಗದಲ್ಲಿ ಕನ್ವರ್ಟರ್ ಲಾಕ್ ಆಗುವಾಗ ಗಾಡಿ ಅದುರಿದರೆ, ಬ್ರೇಕ್ ಪೆಡಲನ್ನು ಎಡಗಾಲಿನಿಂದ ತುಸುವೇ ಮುಟ್ಟಬೇಕು. ಬ್ರೇಕಿನ ಸ್ವಿಚ್ ಆ ಲಾಕ್ ಬಿಡಿಸುತ್ತದೆ. ನಡುಕ ತಕ್ಷಣ ನಿಂತರೆ ದೋಷ ಕನ್ವರ್ಟರಿನದು. ನ್ಯೂಟ್ರಲ್‌ಗೆ ಹಾಕಿ ತೇಲಿಬಿಟ್ಟರೂ ನಡುಕ ಉಳಿದರೆ ಟಯರ್, ರಿಮ್, ಪ್ರೊಪೆಲರ್ ಶಾಫ್ಟುಗಳ ಕಡೆ ತಿರುಗಬೇಕು. ಟಯರ್ ಬರೀ ಅಂದಕ್ಕಾಗಿ ದೊಡ್ಡದಾಗಿದ್ದರೆ ಗೇರ್‌ಬಾಕ್ಸಿಗೂ ಅದರ ಬಿಸಿ ತಟ್ಟುತ್ತದೆ: ಎಳೆಯುವ ಭಾರ ಹೆಚ್ಚುತ್ತದೆ, ಎಣ್ಣೆ ಕಾಯುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ರಿಮ್ ಹೊಂದಿಕೆಯಲ್ಲಿ ಮೊದಲ ಪ್ರಶ್ನೆ, ಟಯರ್ ಅಂಗಡಿಯವರು ಪಿಸಿಡಿ ಎನ್ನುವ ಬೋಲ್ಟ್ ವೃತ್ತದ ವ್ಯಾಸ. ಸಿ-10ಕ್ಕೆ 5 ಬೋಲ್ಟ್, 127 ಮಿ.ಮೀ.; ಕೆ-10ಕ್ಕೆ 6 ಬೋಲ್ಟ್, 139.7 ಮಿ.ಮೀ. ಮಲೆನಾಡಿನ ತೋಟಗಳ ಮಾರುತಿ ಜಿಪ್ಸಿಗಳದೂ 139.7 ಮಿ.ಮೀ. ವೃತ್ತವೇ, ಬೋಲ್ಟ್ ಮಾತ್ರ 5. ಮೋಸ ಹೋಗುವುದು ಅದೇ ಷೆವ್ರೊಲೆಯ ಕಾರುಗಳ 120.65 ಮಿ.ಮೀ. ರಿಮ್ಮಿನಿಂದ. ಕಣ್ಣಿಗೆ ವ್ಯತ್ಯಾಸ ಕಾಣದು, ಒತ್ತಿ ತಿರುಗಿಸಿದರೆ ನಟ್ ಹಿಡಿದಂತೆಯೂ ಅನಿಸಬಹುದು. ಆದರೆ ಸ್ಟಡ್ಡುಗಳು ಬಾಗಿ ಒಂದು ದಿನ ತುಂಡಾಗುತ್ತವೆ. 5 ಬೋಲ್ಟಿನ ವೃತ್ತದಲ್ಲಿ ಎದುರುಬದುರು ಬೋಲ್ಟ್ ಇರುವುದಿಲ್ಲವಾದ್ದರಿಂದ, ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಮಧ್ಯದ ದೂರವನ್ನು ಅಳೆದು 1.701ರಿಂದ ಗುಣಿಸಬೇಕು. ಸಿ-10ರಲ್ಲಿ ಆ ದೂರ ಸುಮಾರು 74.7 ಮಿ.ಮೀ., ಕಾರಿನ ರಿಮ್ಮಿನಲ್ಲಿ 70.9.

ಬೋಲ್ಟ್ ಹೊಂದಿದ ಮೇಲೆ ರಿಮ್ಮಿನ ನಡುವಿನ ತೂತು ಹಬ್ಬಿನ ಮೇಲೆ ಪೂರ್ತಿ ಕೂರಬೇಕು. ಆಮೇಲೆ ಬ್ಯಾಕ್‌ಸ್ಪೇಸ್, ಅಂದರೆ ರಿಮ್ಮಿನ ಒಳ ಅಂಚಿನಿಂದ ಹಬ್ಬಿಗೆ ತಾಗುವ ಮುಖದವರೆಗಿನ ಅಳತೆ. ಅದು ಹೆಚ್ಚಾದರೆ ಚಕ್ರ ಒಳಗೆ ಸರಿದು ಸ್ಟೀರಿಂಗ್ ಕಡ್ಡಿಗೋ ಸಸ್ಪೆನ್ಷನ್ ಆರ್ಮಿಗೋ ಉಜ್ಜುತ್ತದೆ. ಕಡಿಮೆಯಾದರೆ ಹೊರಗೆ ಚಾಚಿ ಮಡ್‌ಗಾರ್ಡಿಗೆ ತಗಲುತ್ತದೆ, ಬೇರಿಂಗಿಗೂ ಭಾರ. ಜ್ಯಾಕ್ ಮೇಲೆ ಚಕ್ರ ಸಲೀಸಾಗಿ ತಿರುಗಿತೆಂದು ನಂಬಬಾರದು. ಗಾಡಿಯನ್ನು ನೆಲಕ್ಕಿಳಿಸಿ, ಹಿಂದೆ ಲೋಡ್ ಹಾಕಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ನೋಡಬೇಕು.

ಉಳಿದದ್ದು ನಟ್. ರಿಮ್ಮಿನ ತೂತು ಇಳಿಜಾರು ಅಂಚಿನದಾದರೆ ಶಂಕುವಿನಾಕಾರದ ನಟ್, ಚಪ್ಪಟೆಯಾದರೆ ವಾಷರ್ ಸಹಿತ ನಟ್. ಅದಲು ಬದಲಾದರೆ ಎಷ್ಟು ಬಿಗಿದರೂ ಸಡಿಲವಾಗುತ್ತದೆ. ಸ್ಟಡ್ಡಿನ ವ್ಯಾಸದಷ್ಟಾದರೂ ಉದ್ದ ನಟ್ಟಿನೊಳಗೆ ಹಿಡಿದಿರಬೇಕು. ಇಂಚಿಗೆ 20 ಸುತ್ತಿನ ಅರ್ಧ ಇಂಚಿನ ಸ್ಟಡ್ಡಿಗೆ ಅದು 10 ಪೂರ್ಣ ಸುತ್ತು. ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ವ್ರೆಂಚಿನಿಂದ ಬಿಗಿದು, 80ರಿಂದ 160 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಅಲಾಯ್ ರಿಮ್ಮಿಗೆ ಇದನ್ನು ತಪ್ಪಿಸುವಂತಿಲ್ಲ.